ದಿನಗೂಲಿ ದುಭಾಷಿ

ಲಿಂಗರಾಜಪುರದ ಫ್ಲೈಓವರ್ ಇಳಿದು ಎಡಕ್ಕೆ,
ಹಿಟ್ಟಿನ ಗಿರಣಿಯ ಮೇಲಿನ ಮಹಡಿ.
ಶನಿವಾರಕ್ಕೆ ಎಂಟುನೂರು ರೂಪಾಯಿ,
ನಾನಲ್ಲಿ ಬರೀ ನಾಲಿಗೆ.

ಜುರಾಂದಿರ್, ಬ್ರೆಜಿಲಿನವನು. ಐವತ್ತೆರಡು.
ಎಡಮಂಡಿಗೆ ನೀಲಿ ಪಟ್ಟಿ.
ಕಲಿಸುವುದು ಕಪೊಯೇರಾ,
ಕುಸ್ತಿ ಎಂದವರಿಗೆ ಕುಣಿತ, ಕುಣಿತ ಎಂದವರಿಗೆ ಕುಸ್ತಿ.
ಕೆಳಗೆ ರಾಗಿ ಬೀಸುವಾಗ ನೆಲ ನಡುಗುತ್ತದೆ,
ಗೋಡೆಯ ಕ್ಯಾಲೆಂಡರು ನಡುಗುತ್ತದೆ,
ಅವನೊಬ್ಬ ನಡುಗುವುದಿಲ್ಲ.
ಒಂದು ಕಾಲು ಹಿಂದಕ್ಕೆ, ಮೈ ಅದರ ಹಿಂದೆ,
ಆಮೇಲೆ ಇನ್ನೊಂದು ಕಾಲು,
ಎಲ್ಲಿ ಮುಗಿಯಿತು ಎಲ್ಲಿ ಶುರುವಾಯಿತು
ಎಂದು ಗೆರೆ ಎಳೆಯಲು ಹೋದರೆ
ಸೀಮೆಸುಣ್ಣ ಕೈಯಲ್ಲೇ ಉಳಿಯುತ್ತದೆ.

ಮೆಸ್ತ್ರಿ ಎಂದು ಕರೆಯಬೇಕಂತೆ ಅವನನ್ನು.
ಮಕ್ಕಳಿಗೆ ಕಷ್ಟವಾಗಲಿಲ್ಲ: ಮೇಸ್ತ್ರಿ, ಮೇಸ್ತ್ರಿ!
ಗಾರೆ ಕೆಲಸದವನ ಮಗಳು ರಕ್ಷಿತಾ ಮಾತ್ರ
ಕಣ್ಣು ಕಿರಿದು ಮಾಡಿದಳು:
ಕರಣೆ ಎಲ್ಲಿ ಇವರದು?

ಜೀಂಗ, ಅಂದ ಮೇಸ್ತ್ರಿ.
ಒಂಬತ್ತು ಮುಖ ನನ್ನ ಕಡೆ ತಿರುಗಿದವು.
ಓಲಾಟ, ಅಂದೆ. ಓಲಾಡುವವರು ಸಂಜೆ ಏಳರ ಮೇಲೆ
ಬಾರಿನ ಮುಂದೆ ಸಿಗುತ್ತಾರೆ, ಮಕ್ಕಳಿಗೆ ಗೊತ್ತು.
ಬಳುಕು, ಅಂದೆ. ಯಾಕೂಬ ಸೊಂಟದ ಮೇಲೆ ಕೈಯಿಟ್ಟ,
ಹತ್ತು ನಿಮಿಷ ಪಾಠ ನಿಂತಿತು.
ಲಾಸ್ಯ ಎನ್ನಲು ಬಾಯಿ ತೆರೆದೆ.
ಶಾಲು ಹೊದ್ದು ಹಾರ ಹಾಕಿಸಿಕೊಂಡು ಕೂತ ಪದ ಅದು,
ಬರಿಗಾಲಿಗೆ ಇಳಿಯಲಿಲ್ಲ.

ಪಾಪ, ಅವನೇ ಇಂಗ್ಲಿಷಿಗೆ ಬಂದ.
ಫ್ಲೋ, ಅಂದ.
ನಮ್ಮ ಬೀದಿ ಮೋರಿ ಫ್ಲೋ ಆಗಲ್ಲ ಸಾರ್, ಅಂದಳು ಸಗಾಯಮೇರಿ.
ಗ್ರೇಸ್, ಅಂದ.
ಗೊತ್ತು ಸಾರ್, ನಂಗೆ ಗಣಿತದಲ್ಲಿ ನಾಲ್ಕು ಕೊಟ್ರು!
ಕೊನೆಗೆ ಕಣ್ಣು ಮುಚ್ಚಿ, ತನ್ನದೇ ಭಾಷೆಯಲ್ಲಿ, ಮೆಲ್ಲಗೆ,
ದೆಸ್ಲಿಜಾರ್.
ಅದರ ಬಾಲದಲ್ಲಿ ನಮ್ಮ ಮಾತು ಕೇಳಿಸಿ, ಹಿಗ್ಗಿ ಕೂಗಿದೆ:
ಜಾರಿ!
ಇಬ್ಬರು ಬಿದ್ದು ತೋರಿಸಿದರು.

ಅಷ್ಟರಲ್ಲಿ ಕರೆಂಟು ಹೋಯಿತು.
ಗಿರಣಿ ನಿಂತ ಮೇಲೆ ಬರುವ ಮೌನಕ್ಕೆ
ಹಿಟ್ಟಿನ ಬಿಸಿ ವಾಸನೆ.
ಬಾಲ್ಕನಿಗೆ ಹೋದವನು ಅಲ್ಲೇ ನಿಂತ. ಕೈ ಬೀಸಿ ಕರೆದ.

ಕೆಳಗೆ ಹೊಂಗೆಯಡಿ ಮುನಿತಾಯಮ್ಮನ ತಳ್ಳುಗಾಡಿ.
ಏಳು ಕೇಜಿ ಪೆಟ್ಟಿಗೆ, ಒಳಗೆ ಕೆಂಡ.
ಯಾರೋ ನರ್ಸಮ್ಮನ ಬಿಳಿ ಕೋಟು.
ನೀರು ಚಿಮುಕಿಸಿದ ಕೈ ಹಿಂತಿರುಗುವ ದಾರಿಯಲ್ಲೇ
ಪೆಟ್ಟಿಗೆಯ ಹಿಡಿ ಸೇರಿತು,
ಎಡಗಾಲಿನ ಭಾರ ಬಲಗಾಲಿಗೆ ಬಂತು,
ಅಂಚಿನಿಂದ ಹೊರಟ ಪೆಟ್ಟಿಗೆ
ಗುಂಡಿಯ ಹತ್ತಿರ ನಿಲ್ಲದೆ, ತಾಗದೆ,
ಹಳೇ ಜಗಳದ ಮಾತನ್ನು ಬಳಸಿ ಹೋಗುವ ನಾದಿನಿಯಂತೆ
ಸುತ್ತಿ, ಕಾಲರಿನವರೆಗೆ ಹೋಗಿ
ತಿರುಗಿತು. ಬಲಗಾಲು ಎಡಗಾಲಿಗೆ ಕೊಟ್ಟಿತು.
ಹಿಂದೆ ಸರಿದಳು, ಮುಂದೆ ಬಂದಳು.
ಒಂಬತ್ತು ಮಕ್ಕಳು ಗ್ರಿಲ್ಲಿಗೆ ಮೂಗು ಒತ್ತಿದವರು
ಗೊತ್ತಿಲ್ಲದೆ ಹಿಂದೆ ಸರಿದರು, ಮುಂದೆ ಬಂದರು.

ಇಳಿದು ಹೋಗಿ ಕೇಳಿದೆ, ಕೂಲಿಯ ಋಣಕ್ಕೆ:
ಇದಕ್ಕೆ ಏನಂತೀರಮ್ಮ?
ಯಾವುದಕ್ಕೆ? ಐರನ್ನಿಗಾ? ಪೀಸಿಗೆ ಹತ್ತು.
ಆಮೇಲೆ, ಕೆಂಡ ಊದಿ,
ನಮ್ಮತ್ತೆ ಇಸ್ತ್ರಿ ಅಂತಿದ್ರು.

ಮೆಟ್ಟಿಲ ಮೇಲಿದ್ದ ಜುರಾಂದಿರನ ಕಿವಿ ನಿಮಿರಿತು.
ಇಸ್ತಿರಾರ್? ಅಂದ,
ಎರಡೂ ತೋಳು ಚಾಚಿ, ಮೈಯನ್ನು
ಹಿಂಡಿ ಕೊಡವಿದ ಬಟ್ಟೆಯಂತೆ ಎಳೆದು ಉದ್ದ ಮಾಡಿ ತೋರಿಸಿದ.
ಎಷ್ಟು ನೂರು ವರ್ಷದ ಹಿಂದೆ
ಯಾವ ಹಡಗಿನಿಂದ ಇಳಿದ ಮಾತೋ,
ಘಟ್ಟ ಹತ್ತಿ ಬಂದು ಮನೆಮನೆಯಲ್ಲಿ ಕೆಂಡ ಹೊತ್ತು ದುಡಿದು
ಈಗ ಅತ್ತೆಯ ಜೊತೆ ಹೊರಟುಹೋಗುವುದರಲ್ಲಿತ್ತು.

ಪಕ್ಕಕ್ಕೆ ನಿಲ್ಲಪ್ಪ, ಬೂದಿ ಹಾರತ್ತೆ, ಅಂದಳು ಮುನಿತಾಯಮ್ಮ.
ನಾನು ಬಾಯಿ ತೆರೆಯುವ ಮೊದಲೇ
ಅವನು ಒಂದು ಕಾಲು ಹಿಂದಕ್ಕಿಟ್ಟ,
ಮೈ ಅದರ ಹಿಂದೆ.

ಆ ದಿನದ ಎಂಟುನೂರನ್ನು
ಬೇಡವೆನ್ನಲಿಲ್ಲ ನಾನು.